ತೂಕದ ಮನುಷ್ಯ

ಕೊಲ್ಲಮೊಗ್ರು
ತಾ. 12-3-1957

ಪೂವಮ್ಮನಿಗೆ ಜತ್ತಪ್ಪನ ಆಶೀರ್ವಾದ.

ನೀನು ತವರಿಗೆ ಹೋಗಿ ತಿಂಗಳು ಮೀರಿತು. ಮಂಡೆಕೋಲು ಕಡೆಯಿಂದ ಬಂದವರ ಹತ್ತಿರವೆಲ್ಲ ವಿಚಾರಿಸುತ್ತೇನೆ. ಕ್ಷೇಮ ಎನ್ನುತ್ತಾರೆ, ಅದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಇಲ್ಲಿ ಸುಗ್ಗಿಯ ಭತ್ತ ಮನೆ ಸೇರಿತು. ಹಂದಿ ತಿಂದು ಉಳಿದದ್ದು ಕಡಿಮೆಯೇನಲ್ಲ. ಕೆಂಪಿ ಹೆಣ್ಣು ಕರು ಹಾಕಿದೆ. ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ. ಆಚೆಮನೆಯ ಸಂಕಪ್ಪನ ಹೆಂಡತಿ ಅಪ್ಪಿ ಮಧ್ಯಾಹ್ನಕ್ಕೆ ಏನಾದರೂ ತಂದಿಟ್ಟು ಮಾತಾಡದೆ ಹೋಗುತ್ತಾಳೆ.

ತೀರ್ಥರಾಮ ನಿನಗೆ ಮಾತ್ರ ಮಗನಲ್ಲ. ನಮಗಿದ್ದದ್ದು ಅವನೊಬ್ಬ. ಆದರೆ ಹೋದವನು ಬರುವುದಿಲ್ಲ, ಇದ್ದವರು ಉಣ್ಣಬೇಕು, ಗದ್ದೆ ಉಳಬೇಕು. ಉತ್ತರಕ್ರಿಯೆ ಮುಗಿದ ಮೇಲೆ ಮನೆಯ ಹೆಂಗಸು ಇಷ್ಟು ದಿನ ಹೊರಗೆ ಇದ್ದರೆ ನಾಲ್ಕು ಜನ ನಾಲ್ಕು ರೀತಿ ಮಾತಾಡುತ್ತಾರೆ. ನಿನಗೆ ಇದು ತಿಳಿಯದ್ದಲ್ಲ.

ಮೊನ್ನೆ ಮೇಲಿನ ಮನೆಯವರಿಗೂ ಕೆಳಗಿನವರಿಗೂ ಹೊಳೆಯ ಕಟ್ಟದ ನೀರಿನ ವಿಷಯದಲ್ಲಿ ಜಗಳವಾಗಿ ನನ್ನನ್ನು ಕರೆದರು. ಹೋಗಿ ತೀರ್ಮಾನ ಮಾಡಿ ಬಂದೆ. ಹಿಂದಿನಿಂದ ಡೊಂಬಯ್ಯ ಯಾರಿಗೋ ಹೇಳುತ್ತಿದ್ದ, "ಜತ್ತಪ್ಪಣ್ಣ ತೂಕದ ಮನುಷ್ಯ ಮಾರಾಯ. ಮಗ ಹೋದ್ರೂ ಮಾತಿನ ಹದ ಹೋಗ್ಲಿಲ್ಲ" ಎಂದು. ಕೇಳಿ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

ಆ ವಿಷಯವನ್ನು ಅಲ್ಲಿ ಯಾರ ಹತ್ತಿರವೂ ಎತ್ತಬೇಡ. ಕಾಗದದಲ್ಲಿ ಖಂಡಿತ ಬರೆಯಬೇಡ. ನೀನು ಕೊಟ್ಟ ಮಾತು ನೆನಪಿರಲಿ. ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಬಿಸು ಹಬ್ಬಕ್ಕೆ ಮೊದಲು ಬಾ.

ಜತ್ತಪ್ಪ


ಮಂಡೆಕೋಲು
ತಾ. 2-4-1957

ಯಜಮಾನರ ಪಾದಕ್ಕೆ ಪೂವಮ್ಮ ಮಾಡುವ ನಮಸ್ಕಾರಗಳು.

ಕೆಂಪಿ ಕರು ಹಾಕಿದ್ದು ತಿಳಿದು ಸಮಾಧಾನವಾಯಿತು. ಮೊದಲ ಹಾಲನ್ನು ಕರುವಿಗೇ ಬಿಡಿ, ಅವಸರ ಮಾಡಬೇಡಿ.

ಕಾಗದದಲ್ಲಿ ಬರೆಯಬೇಡ ಎಂದಿರಿ. ಬಾಯಿಯಲ್ಲಿ ಹೇಳುವ ಹಾಗಿಲ್ಲ, ಕಾಗದದಲ್ಲಿಯೂ ಇಲ್ಲವೆಂದರೆ ನಾನು ಎಲ್ಲಿಟ್ಟುಕೊಳ್ಳಲಿ? ಬರೆಯುತ್ತೇನೆ. ಲಕೋಟೆಗೆ ಅಂಟು ಹಾಕಿ ನಾನೇ ಅಂಚೆಗೆ ಕೊಡುತ್ತೇನೆ.

ನಮ್ಮ ಮಗನನ್ನು ಅವನ ಕೋವಿ ಕೊಲ್ಲಲಿಲ್ಲ. ಹಂದಿ ಬೇಟೆಯ ಆ ದಿನ ಅವನು ಬೇಲಿಯ ಹತ್ತಿರ ನಿಂತು, ಕೋವಿ ಮಡಚಿ, ತೋಟೆ ತೆಗೆದು ಜೇಬಿಗೆ ಹಾಕಿ, ಆಮೇಲೆ ದಾಟಿದ. ಆಚೆಯ ಪೊದೆ ಅಲುಗಿದ್ದನ್ನು ನೋಡಿ ಹಂದಿಯೆಂದು ಸಂಕಪ್ಪ ಹೊಡೆದ. ಇದನ್ನು ನೀವೇ ಆ ಸಂಜೆ ನನಗೆ ಹೇಳಿದಿರಿ. ಹೇಳಿ, ಜಗಲಿಯಲ್ಲಿ ಮಲಗಿಸಿದ್ದ ಮಗನ ಹಣೆಯ ಮೇಲೆ ನನ್ನ ಕೈ ಇಡಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿದಿರಿ. ಪೊಲೀಸರು ಬಂದಾಗ, ಬೇಲಿ ದಾಟುವಾಗ ಅವನ ಕೈಯಿಂದಲೇ ಕೋವಿ ಜಾರಿ ಸಿಡಿಯಿತು ಎಂದು ಹೇಳಿಕೆ ಕೊಟ್ಟಿರಿ. ಸಂಕಪ್ಪನ ಮನೆ ಉಳಿಯಲಿ ಎಂದು. ನಾನು ಒಳಗೆ ಕೂತು ಕೇಳಿದೆ. ಬಾಯಿ ಬಿಡಲಿಲ್ಲ.

ಇಲ್ಲಿಗೆ ಬಂದ ಮೇಲೆ ತಿಳಿಯಿತು, ನಿಮ್ಮ ಆ ಹೇಳಿಕೆಯ ಮಾತು ನನಗಿಂತ ಮೊದಲು ಇಲ್ಲಿಗೆ ತಲುಪಿದೆ ಎಂದು. ತೀರ್ಥರಾಮನಿಗೆ ಕೋವಿ ಹಿಡಿಯಲು ಕಲಿಸಿದ್ದು ನನ್ನ ಅಪ್ಪ. ಶಾಲೆಯ ರಜೆಯಲ್ಲಿ ಇಲ್ಲಿಗೆ ಬಂದಾಗಲೆಲ್ಲ ಕೊಟ್ಟಿಗೆಯ ಹಿಂದಿನ ಬೇಲಿಯನ್ನು ಅವನಿಂದ ಎಷ್ಟು ಸಲ ದಾಟಿಸಿದ್ದರೋ. ತೋಟೆ ತೆಗೆಯದೆ ಕಾಲೆತ್ತಿದರೆ ಬೆತ್ತದಲ್ಲಿ ಕಾಲಿಗೇ ಬೀಳುತ್ತಿತ್ತು. ಈಗ ಅಪ್ಪ ದಿನಾ ಒಂದಲ್ಲ ಒಂದು ಹೊತ್ತಿನಲ್ಲಿ ನನ್ನನ್ನು ಕೇಳುತ್ತಾರೆ.

"ಪೂವಾ, ಅವ ತೋಟೆ ತೆಗೀಲಿಲ್ವಾ?"

ನಾನು ಸುಮ್ಮನಿರುತ್ತೇನೆ.

"ನಾನು ಹೇಳಿಕೊಟ್ಟದ್ದು ಉಂಟಲ್ಲ. ಮರ್ತುಬಿಟ್ನಾ ಹಾಗಾದ್ರೆ?"

ಅವರು ಎದ್ದು ಅಂಗಳಕ್ಕೆ ಹೋಗುತ್ತಾರೆ.

ಅಪ್ಪನಿಗೆ ಒಬ್ಬರಿಗೆ ಹೇಳಲು ಅಪ್ಪಣೆ ಕೊಡಿ. ಬೇರೆ ಏನನ್ನೂ ಕೇಳುವುದಿಲ್ಲ.

ಪೂವಮ್ಮ


ಕೊಲ್ಲಮೊಗ್ರು
ತಾ. 17-4-1957

ಪೂವಮ್ಮನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಿದೆ. ಇನ್ನು ಹಾಗೆ ಬರೆಯಬೇಡ.

ನಿನಗೆ ಸಂಕಪ್ಪನ ಮೇಲೆ ಸಿಟ್ಟು ಇರುವುದು ಸಹಜ. ಆದರೆ ತಣ್ಣಗೆ ಕೂತು ಯೋಚಿಸು. ಅವನು ಬೇಕೆಂದು ಮಾಡಿದ್ದಲ್ಲ. ಅವನಿಗೆ ಮೂವರು ಹೆಣ್ಣುಮಕ್ಕಳು. ಗೇಣಿ ಗದ್ದೆ. ಅವನು ಒಳಗೆ ಹೋದರೆ ಉಳುವವರಿಲ್ಲ, ಉಳದಿದ್ದರೆ ಧಣಿ ಗದ್ದೆ ಬಿಡಿಸುತ್ತಾನೆ. ಒಂದು ಜೀವ ಹೋದದ್ದಕ್ಕೆ ಇನ್ನು ನಾಲ್ಕೈದು ಜೀವವನ್ನು ಬೀದಿಗೆ ಹಾಕುವುದೇ? ನಮ್ಮ ಮಗನಿಗೆ ಇನ್ನು ಯಾವ ಮಾತಿನಿಂದಲೂ ಏನೂ ಆಗಬೇಕಾದ್ದಿಲ್ಲ. ಅವರಿಗೆ ಆಗಬೇಕಾದ್ದು ಬಹಳ ಉಂಟು.

ಮಾವನವರು ದೊಡ್ಡವರು. ಆದರೆ ಜಗಲಿಯಲ್ಲಿ ಕೂತವರು. ಹೋಗುವವರು ಬರುವವರೆಲ್ಲ ಅವರ ಹತ್ತಿರ ಕೂತು ವೀಳ್ಯ ಹಾಕುತ್ತಾರೆ. ದುಃಖದಲ್ಲಿ ಒಂದು ಮಾತು ಜಾರಿದರೆ ಹಿಡಿಯಲು ನಾನಿಲ್ಲ, ನೀನಿಲ್ಲ. ಆಮೇಲೆ ಪೊಲೀಸರು ಸುಳ್ಳು ಹೇಳಿದ ನನ್ನನ್ನೂ ಬಿಡುವುದಿಲ್ಲ.

ಒಂದು ವರ್ಷ ಕಳೆಯಲಿ. ಎಲ್ಲ ತಣಿಯುತ್ತದೆ. ಆಗ ನೋಡುವ.

ಬಿಸುವಿಗೆ ಬರುವಿ ಎಂದು ಹೂವು ಹಣ್ಣಿನ ಕಣಿ ಇಟ್ಟು ಕಾದೆ. ಅಪ್ಪಿ ಪಾಯಸ ತಂದಿದ್ದಳು.

ಜತ್ತಪ್ಪ


ಮಂಡೆಕೋಲು
ತಾ. 20-6-1957

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ನಿಮ್ಮ ಮಾತಿನಲ್ಲಿ ಯಾವಾಗಲೂ ಹಾಗೆಯೇ. ಎಲ್ಲ ಸರಿ ಇರುತ್ತದೆ, ನನಗೆ ಹೇಳಲು ಜಾಗ ಇರುವುದಿಲ್ಲ.

ಆದರೂ ಒಂದು ತಿಳಿಯಿರಿ. ಸಂಕಪ್ಪ ಜೈಲಿಗೆ ಹೋಗಲಿ ಎಂದು ನಾನು ಎಲ್ಲಿ ಬರೆದೆ? ಅವನ ಮಕ್ಕಳಿಗೆ ನಾನೇ ಎಣ್ಣೆ ಹಚ್ಚಿ ಮೀಯಿಸಿದ್ದೇನೆ. ನಾನು ಕೇಳಿದ್ದು ಶಿಕ್ಷೆಯಲ್ಲ. ನಮ್ಮ ಮಗ ಎಚ್ಚರಗೇಡಿಯಲ್ಲ ಎಂದು ಒಂದು ಜೀವಕ್ಕೆ ತಿಳಿಯಲಿ ಎಂದು ಕೇಳಿದೆ. ಇದ್ದವರನ್ನು ಉಳಿಸಲು ನೀವು ಸತ್ತವನ ತಲೆಯ ಮೇಲೆ ತಪ್ಪು ಹೊರಿಸಿದಿರಿ. ಸತ್ತವನಿಗೆ ಭಾರವಾಗುವುದಿಲ್ಲ ಎಂದು ನಿಮ್ಮ ತೂಕ. ಹೊತ್ತದ್ದು ಅವನಲ್ಲ, ನನ್ನ ಅಪ್ಪ.

ಕಳೆದ ವಾರ ದನದ ವ್ಯಾಪಾರದ ಹಸನಬ್ಬ ಬಂದಿದ್ದ. ಒಳ್ಳೆಯ ಮನುಷ್ಯ, ಸಮಾಧಾನ ಹೇಳಲಿಕ್ಕೇ ಬಂದದ್ದು. ಅಪ್ಪನ ಹತ್ತಿರ ಕೂತು, "ಎಂತ ಮಾಡುದು ಗೌಡ್ರೇ, ಮಕ್ಕಳು. ನಾವು ನೂರು ಸಲ ಹೇಳಿದ್ರೂ ಆ ಹೊತ್ತಿಗೆ ನೆನಪು ಬರುದಿಲ್ಲ" ಅಂದ.

ಅಪ್ಪ ಹೇಳಿದರು, "ನೆನಪು ಬರುವ ಹಾಗೆ ಕಲಿಸ್ಬೇಕಿತ್ತು ಹಸನಬ್ಬ. ಕಲಿಸಿದವನದ್ದು ತಪ್ಪು."

ಊರಿನ ಹುಡುಗರು ಮೊದಲು ಕೋವಿ ಒರೆಸಲು, ಗುರಿ ನೋಡಲು ಅಪ್ಪನ ಹತ್ತಿರ ಬರುತ್ತಿದ್ದರು. ಈಗ ಯಾರೂ ಬರುವುದಿಲ್ಲ. ಅಪ್ಪನೇ ಬರಬೇಡಿ ಎಂದರಂತೆ. ಅವರು ಮೀನು ತಿನ್ನುವುದು ಬಿಟ್ಟಿದ್ದಾರೆ. ಎಲೆಯ ಮುಂದೆ ಕೂತು ಎದ್ದುಹೋಗುತ್ತಾರೆ. ನನ್ನ ತಮ್ಮನ ಹೆಂಡತಿ ಕುಮುದಿನಿ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು, "ಅತ್ತಿಗೆ, ಮಾವ ನಿಮ್ಮ ಮುಖ ನೋಡಿಕೊಂಡೇ ಇರ್ತಾರೆ. ನೀವು ಎಂತಾದ್ರೂ ಹೇಳ್ಬಾರ್ದಾ?"

ಮಗನ ತಣ್ಣಗಿನ ಹಣೆ ನನ್ನ ಅಂಗೈಯಲ್ಲಿ ಇನ್ನೂ ಉಂಟು. ಅದನ್ನು ಮುಟ್ಟಿ ಕೊಟ್ಟ ಮಾತನ್ನು ನಾನಾಗಿ ಮುರಿಯಲಾರೆ. ಕಟ್ಟಿದವರು ನೀವು, ಬಿಚ್ಚಬೇಕಾದವರೂ ನೀವು.

ಪೂವಮ್ಮ


ಕೊಲ್ಲಮೊಗ್ರು
ತಾ. 25-8-1957

ಪೂವಮ್ಮನಿಗೆ,

ಹೊಳೆ ತುಂಬಿ, ದಾಟುವ ಕಾಲುಸಂಕ ಮುಳುಗಿ ಇಲ್ಲಿಗೆ ಅಂಚೆ ಬರಲಿಲ್ಲ. ನಿನ್ನ ಕಾಗದ ಸಿಕ್ಕಿದ್ದು ತಡವಾಗಿ. ನೇಜಿ ನೆಟ್ಟು ಮುಗಿಯಿತು. ಗದ್ದೆ ಉಳಲು ಸಂಕಪ್ಪನೇ ಬಂದ. ಬರಬೇಡ ಎಂದರೂ ಬರುತ್ತಾನೆ.

ಅವನ ದೊಡ್ಡ ಮಗಳಿಗೆ ಕಡಬದ ಕಡೆಯ ಸಂಬಂಧ ಕೂಡಿಬಂದಿದೆ. ಬರುವ ಬೇಸಗೆಯಲ್ಲಿ ಮದುವೆ. ಹುಡುಗನ ಮನೆಯವರು ನನ್ನ ಮುಖ ನೋಡಿ ಒಪ್ಪಿದ್ದು. ಈ ಹೊತ್ತಿನಲ್ಲಿ ಮಾತು ಹೊರಬಿದ್ದರೆ ಆ ಹುಡುಗಿಯ ಗತಿ ಏನು? ಅವಳು ನಿನ್ನ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಿಂದವಳು. ನೀನೇ ಬರೆದಿದ್ದಿ.

ಮದುವೆ ಒಂದು ಕಳೆಯಲಿ. ಮಾವನವರಿಗೆ ನಾನೇ ಬಂದು, ಕೂತು, ಸರಿಯಾದ ಮಾತಿನಲ್ಲಿ ಹೇಳುತ್ತೇನೆ. ಇಷ್ಟು ಕಾದವರು ಇನ್ನೂ ಸ್ವಲ್ಪ ಕಾಯುವುದು ಕಷ್ಟವಲ್ಲ. ಅವರ ಆರೋಗ್ಯಕ್ಕೆ ಕಷಾಯ ಮಾಡಿಕೊಡು. ನನ್ನ ಆರೋಗ್ಯ ಚೆನ್ನಾಗಿದೆ.

ಜತ್ತಪ್ಪ


ಮಂಡೆಕೋಲು
ತಾ. 28-1-1958

ಯಜಮಾನರಿಗೆ ನಮಸ್ಕಾರ.

ಐದು ತಿಂಗಳು ಬರೆಯಲಿಲ್ಲ. ಬರೆದರೆ ಜಗಳವಾಗುತ್ತಿತ್ತು. ನಿಮ್ಮ ಹತ್ತಿರ ಜಗಳ ಮಾಡಿ ಗೆದ್ದವರಿಲ್ಲ, ಅದಕ್ಕೆ ಸುಮ್ಮನಿದ್ದೆ.

ತೀರ್ಥರಾಮ ಹೋಗಿ ವರ್ಷವಾಯಿತು. ನೀವು ಅಲ್ಲಿ ಎಡೆ ಇಟ್ಟಿರಬಹುದು. ನಾವೂ ಇಲ್ಲಿ ಇಟ್ಟೆವು. ಅಪ್ಪ ಹೊರಗೆ ಬಂದು ಕೂರಲಿಲ್ಲ. ಮರುದಿನದಿಂದ ಏಳಲೇ ಇಲ್ಲ. ವೈದ್ಯರು ಬಂದು ನೋಡಿ, ರೋಗ ಇಂಥದ್ದು ಎಂದು ಹೇಳಲಿಕ್ಕಿಲ್ಲ, ಹಸಿವೆಯೇ ಇಲ್ಲ ಎಂದರು. ತುಂಬಾ ಸೋತಿದ್ದಾರೆ. ಅಂಗಿ ಬದಲಿಸುವಾಗ ಎತ್ತಿದರೆ ಮಗುವಿನ ಹಾಗೆ ಬರುತ್ತಾರೆ.

ವರ್ಷ ಕಳೆಯಲಿ ಎಂದಿರಿ, ಕಳೆಯಿತು. ಮದುವೆಯವರೆಗೆ ಇವರು ಇರುವುದಿಲ್ಲ. ಇದು ಹೆದರಿಸಲು ಬರೆದದ್ದಲ್ಲ.

ಈ ಕಾಗದ ಕೈಸೇರಿದ ಕೂಡಲೇ ಒಂದು ಕಾರ್ಡು ಹಾಕಿ. ಯಾರು ಓದಿದರೂ ಏನೂ ತಿಳಿಯುವುದಿಲ್ಲ. "ಹೇಳು" ಎಂದು ಬರೆಯಿರಿ. ಅಷ್ಟೇ ಸಾಕು. ಅಪ್ಪನ ಕಿವಿಗೆ ಬಾಯಿಟ್ಟು ಹೇಳುತ್ತೇನೆ. ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವಷ್ಟು ದನಿ ಅವರಲ್ಲಿ ಉಳಿದಿಲ್ಲ.

ಕಾಲು ಹಿಡಿದು ಕೇಳುತ್ತೇನೆ.

ಪೂವಮ್ಮ


ಕೊಲ್ಲಮೊಗ್ರು
ತಾ. 8-2-1958

ಪೂವಮ್ಮನಿಗೆ,

ಮಾವನವರ ವಿಷಯ ತಿಳಿದು ತುಂಬಾ ಬೇಜಾರಾಯಿತು. ಪ್ರಾಯದಲ್ಲಿ ಹೀಗೆ ಆಗುವುದು ಉಂಟು. ನೀನು ಧೈರ್ಯಗೆಡಬೇಡ. ಪುತ್ತೂರಿನಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ, ಬಾಡಿಗೆ ಕಾರು ಮಾಡಿ ಕರೆದುಕೊಂಡು ಹೋಗಲು ನಿನ್ನ ತಮ್ಮನಿಗೆ ಹೇಳು. ಖರ್ಚು ನಾನು ಕೊಡುತ್ತೇನೆ.

ನೀನು ಕೇಳಿದ್ದರ ಬಗ್ಗೆ ತುಂಬಾ ಯೋಚಿಸಿದೆ. ಸೋತು ಮಲಗಿದವರಿಗೆ ಈಗ ಅದನ್ನು ಹೇಳಿದರೆ ಮನಸ್ಸು ಕೆರಳಿ ಅದೇ ಅಪಾಯವಾಗಬಹುದು. ಮೊಮ್ಮಗನನ್ನು ಇನ್ನೊಬ್ಬ ಕೊಂದ ಎಂದು ತಿಳಿದು ಯಾರು ಸಮಾಧಾನದಿಂದ ಇದ್ದಾರು? ಮೊದಲು ಸ್ವಲ್ಪ ಚೇತರಿಸಲಿ. ಮದುವೆಗೆ ಇನ್ನು ಎರಡೇ ತಿಂಗಳು. ಮರುದಿನವೇ ನಾನು ಬಸ್ಸು ಹತ್ತುತ್ತೇನೆ. ಇದು ನನ್ನ ಮಾತು.

ಜತ್ತಪ್ಪ


ಮಂಡೆಕೋಲು
ತಾ. 21-2-1958

ಅಪ್ಪ ನಿನ್ನೆ ಬೆಳಿಗ್ಗೆ ಹೋದರು.

ಕೊನೆಗೆ ಆಡಿದ ಮಾತು, "ನಾನು ಸರಿ ಕಲಿಸ್ಲಿಲ್ಲ ಮಗಾ." ನಾನು ಕೈ ಹಿಡಿದುಕೊಂಡಿದ್ದೆ. ಬಾಯಿ ತೆರೆದೆ. ಮಾತು ಬರಲಿಲ್ಲ.

ಬರುವುದಾದರೆ ಬನ್ನಿ.

ಪೂವಮ್ಮ


ಮಂಡೆಕೋಲು
ತಾ. 6-4-1958

ಅಪ್ಪನ ಕಾರ್ಯಕ್ಕೆ ಬಂದಿರಿ. ಎಲ್ಲ ಕೆಲಸಕ್ಕೂ ನಿಂತಿರಿ, ತಮ್ಮನಿಗೆ ಆಸರೆಯಾದಿರಿ, ಬಡಿಸಲೂ ಬಗ್ಗಿದಿರಿ. ಇಂಥ ಅಳಿಯ ಇರಬೇಕು ಎಂದು ಜನ ಹೇಳಿದರು. ನನ್ನ ಹತ್ತಿರ ಬಂದು ನಿಂತು, "ಆದದ್ದು ಆಯ್ತು" ಎಂದಿರಿ. ನಾನು ಒಳಗೆ ಹೋದೆ. ಮತ್ತೆ ನೀವು ಕರೆಯಲಿಲ್ಲ.

ಈಗ ಬರೆಯುವುದು ಬೇರೆ ವಿಷಯ. ಮೊನ್ನೆ ಸಂಕಪ್ಪ ಬಂದಿದ್ದ.

ಮಗಳ ಮದುವೆಗೆ ಕರೆಯಲು ಬಂದೆ ಎಂದು ಕುಮುದಿನಿಗೆ ಹೇಳಿದ. ಅವಳು ಒಳಗೆ ಕರೆದಳು, ಬರಲಿಲ್ಲ. ಅಂಗಳದ ಬೇಲಿಯ ದಣಪೆ ದಾಟದೆ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಅವನನ್ನು ಗುರುತಿಸಲು ನನಗೆ ಹೊತ್ತು ಬೇಕಾಯಿತು. ಅಂಥ ಆಳು, ಹೆಗಲು ಮುರಿದ ಹಾಗೆ ಆಗಿದ್ದಾನೆ. ನೀರು ತೆಗೆದುಕೊಂಡು ಹೋದೆ. ಮುಟ್ಟಲಿಲ್ಲ.

"ಅಕ್ಕ, ಅಜ್ಜ ತನ್ನದೇ ತಪ್ಪು ಅಂತ ಹೇಳಿಕೊಂಡು ಹೋದ್ರಂತೆ. ಹೌದಾ?"

ಹೌದು ಅಂದೆ.

ಅವನು ಹೇಳಿದ, "ನಾನು ಬರ್ತೇನೆ ಅಂತ ಎಷ್ಟೋ ಸಲ ಹೊರಟದ್ದು. ಠಾಣೆಗೂ ಹೊರಟದ್ದು. ಮೂರು ಸಲ ಜತ್ತಪ್ಪಣ್ಣನ ಹತ್ರ ಹೋಗಿ ಹೇಳಿದೆ, ನಾನು ಒಪ್ಪಿಕೊಳ್ತೇನೆ, ನಂಗೆ ಅನ್ನ ಸೇರುದಿಲ್ಲ ಅಂತ. ಅವರು ಹೇಳಿದ್ರು, ನಿನ್ನ ಮನಸ್ಸು ಹಗುರ ಮಾಡ್ಲಿಕ್ಕೆ ಹೆಂಡತಿ ಮಕ್ಕಳ ತಲೆ ಮೇಲೆ ಕಲ್ಲು ಹಾಕ್ತೀಯಾ, ಅದು ವಿವೇಕವಾ ಅಂತ. ಅವರು ಹೇಳುದು ಸರಿ ಅಕ್ಕ. ಎದುರು ಹೇಳ್ಲಿಕ್ಕೆ ನನ್ನ ಹತ್ರ ಎಂತದೂ ಇಲ್ಲ. ಆದ್ರೆ ಅಜ್ಜನ ವಿಷಯ ನಂಗೆ ಅವರು ಹೇಳಲೇ ಇಲ್ಲ. ಹೇಳಿದ್ದಿದ್ರೆ ನಾನು ಆಗಲೇ ನಡ್ಕೊಂಡು ಬರ್ತಿದ್ದೆ."

ಇದನ್ನು ನೀವು ನನಗೆ ಬರೆಯಲಿಲ್ಲ. ಅವನನ್ನು ಉಳಿಸಬೇಕು, ಅವನನ್ನು ಉಳಿಸಬೇಕು ಎಂದು ಬರೆದಿರಿ. ಅವನು ಉಳಿಯಲು ಒಪ್ಪಿರಲಿಲ್ಲ ಎಂದು ಬರೆಯಲಿಲ್ಲ.

ಆ ದಿನ ಮನೆಯಲ್ಲಿದ್ದ ನನಗೆ ಎರಡು ಈಡಿನ ಸದ್ದು ಕೇಳಿತ್ತು. ಮೊದಲನೆಯದು, ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು. ಎರಡನೆಯದು ಹಂದಿಗೆ ಹೊಡೆದದ್ದು ಎಂದು ನೀವು ಹೇಳಿದ್ದಿರಿ. ಸಂಕಪ್ಪ ನಿಜ ಹೇಳಿದ. ಮಗನ ಜೇಬಿನಿಂದ ತೋಟೆ ತೆಗೆದು, ಅವನದೇ ಕೋವಿಗೆ ಹಾಕಿ, ನೀವು ಆಕಾಶಕ್ಕೆ ಹೊಡೆದಿರಿ. ಅವನ ಕೋವಿ ಸಿಡಿದಿದೆ ಎಂದು ಪೊಲೀಸರಿಗೆ ಕಾಣಬೇಕಲ್ಲ. ಮಗನ ಮೈ ಇನ್ನೂ ಬಿಸಿ ಇತ್ತಂತೆ. ಆ ಹೊತ್ತಿನಲ್ಲಿ ಅಷ್ಟು ಯೋಚಿಸಲು ನಿಮಗೆ ಹೇಗೆ ಸಾಧ್ಯವಾಯಿತು?

ಸಂಕಪ್ಪ ಹೇಳುತ್ತಾ ಅತ್ತ. ನಾನೂ ಅತ್ತೆ. ಮಗ ಹೋದ ಮೇಲೆ ನಾನು ಮನಸ್ಸು ತೆರೆದು ಅತ್ತದ್ದು ಆ ದಣಪೆಯ ಹತ್ತಿರ, ಅವನನ್ನು ಕೊಂದವನ ಜೊತೆಯಲ್ಲಿ. ನಿಮ್ಮ ಜೊತೆಯಲ್ಲಿ ಒಂದು ದಿನವೂ ಆಗಲಿಲ್ಲ.

ಇನ್ನು ನನಗೆ ಬರೆಯಬೇಡಿ.

ಪೂವಮ್ಮ


ಕೊಲ್ಲಮೊಗ್ರು
ತಾ. 9-6-1958

ಪೂವಾ,

ಬರೆಯಬೇಡ ಎಂದಿದ್ದಿ. ಇದೊಂದು ಓದು. ಉತ್ತರ ಬೇಡ.

ಸಂಕಪ್ಪನ ಮಗಳ ಮದುವೆ ಕಳೆಯಿತು. ಅದು ಕಳೆದು ಸ್ವಲ್ಪ ದಿನದಲ್ಲಿ ಒಂದು ಬೇಲಿಯ ತಕರಾರಿಗೆ ನನ್ನನ್ನು ಕರೆದರು. ಅಣ್ಣ ತಮ್ಮಂದಿರು, ಅಣ್ಣ ಬೇಲಿಯನ್ನು ತಮ್ಮನ ಕಡೆಗೆ ಒತ್ತಿದ್ದಾನೆ ಎಂದು ದೂರು. ಇಬ್ಬರ ಮಾತನ್ನೂ ಕೇಳಿದೆ. ಯಾವಾಗಿನ ಹಾಗೆ ಎದ್ದು ನಿಂತೆ. ಬೇಲಿ ಎನ್ನುವ ಶಬ್ದ ಬಾಯಿಯಲ್ಲಿ ಬಂತು, ಅದರ ಹಿಂದಿನಿಂದ ನಾನು ಹೇಳಬೇಕೆಂದಿದ್ದ ಮಾತು ಬರಲಿಲ್ಲ. "ನನ್ನ ಮಗ ತೋಟೆ ತೆಗೆದೇ ಬೇಲಿ ದಾಟಿದ್ದು" ಎಂದೆ. ಮತ್ತೊಮ್ಮೆ ಎಂದೆ. ಎಷ್ಟು ಸಲ ಎಂದೆನೋ ಗೊತ್ತಿಲ್ಲ. ಡೊಂಬಯ್ಯ ಕೈ ಹಿಡಿದು ಕೂರಿಸಿ, "ಜತ್ತಪ್ಪಣ್ಣ, ಸಮಾಧಾನ ಮಾಡ್ಕೊಳ್ಳಿ ಮಾರಾಯ್ರೆ, ನೀವೇ ಹೀಗೆ ಆದ್ರೆ ಹೇಗೆ?" ಎಂದ. ನಾನು ಅವನ ಕೈ ಕೊಡವಿದೆ. ದನದ ಹಾಗೆ ಕೂಗಿದೆನಂತೆ.

ಮರುದಿನ ಸಂಕಪ್ಪನೂ ನಾನೂ ಸುಳ್ಯದ ಠಾಣೆಗೆ ಹೋಗಿ ಇಬ್ಬರೂ ಇದ್ದದ್ದು ಇದ್ದ ಹಾಗೆ ಹೇಳಿಕೆ ಕೊಟ್ಟೆವು. ಇಬ್ಬರ ಮೇಲೂ ಕೇಸು ಆಗಿದೆ. ಪುತ್ತೂರಿನ ಕೋರ್ಟಿನಲ್ಲಿ ವಿಚಾರಣೆ.

ಆ ಹೊತ್ತಿನಲ್ಲಿ ಅಷ್ಟು ಯೋಚಿಸಲು ಹೇಗೆ ಸಾಧ್ಯವಾಯಿತು ಎಂದು ಕೇಳಿದ್ದಿ. ನಾನು ಅಲ್ಲಿಗೆ ಓಡಿ ಬಂದಾಗ ಸಂಕಪ್ಪ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನ ಕೈಯಲ್ಲಿ ಕೋವಿ ಇತ್ತು. ಅದನ್ನು ಎತ್ತಿದೆ, ಪೂವಾ. ಅವನ ಎದೆಗೆ ಹಿಡಿದೆ. ಅವನು ನೋಡಿ ಕಣ್ಣು ಮುಚ್ಚಿದ, ಕದಲಲಿಲ್ಲ. ಆಗ ನಾನು ಅವನ ಮಕ್ಕಳನ್ನು ನೆನೆಯಲು ಶುರು ಮಾಡಿದೆ. ಒಬ್ಬೊಬ್ಬಳ ಹೆಸರು ಹೇಳಿಕೊಂಡೆ. ಗೇಣಿಯನ್ನು ಯೋಚಿಸಿದೆ, ಪೊಲೀಸರು ಏನು ಕೇಳುತ್ತಾರೆ ಎಂದು ಯೋಚಿಸಿದೆ, ಕೋವಿಯ ವಾಸನೆಯನ್ನು ಯೋಚಿಸಿದೆ. ಯೋಚನೆ ನಿಂತರೆ ಬೆರಳು ಎಳೆಯುತ್ತಿತ್ತು. ಆ ದಿನದಿಂದ ನಿಲ್ಲಿಸಲು ನನಗೆ ಹೆದರಿಕೆ. ನಿನ್ನ ಒಂದೊಂದು ಕಾಗದ ಬಂದಾಗಲೂ ಮತ್ತೆ ಕೂತು ಯೋಚಿಸಿದೆ, ಸರಿಯಾದ ಉತ್ತರ ಬರೆದೆ.

ಮಾವನವರಿಗೆ ಹೇಳಿದರೆ ಕೆರಳುತ್ತಾರೆ ಎಂದು ಬರೆದಿದ್ದೆ. ಕೆರಳುತ್ತಿದ್ದದ್ದು ನಾನು. ಅವರ ಹೆಸರಿನಲ್ಲಿ ಬರೆದೆ.

ಅಪ್ಪಿಯೂ ಚಿಕ್ಕ ಇಬ್ಬರು ಹುಡುಗಿಯರೂ ಹೆದರಿದ್ದಾರೆ. ನೀನು ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ಕಾರಣ ಕೊಡುವುದಿಲ್ಲ.

ಜತ್ತಪ್ಪ


ಮಂಡೆಕೋಲು
ತಾ. 22-11-1958

ನಿಮ್ಮ ಜೂನ್ ತಿಂಗಳ ಕಾಗದ ನನ್ನ ಹತ್ತಿರ ಇದೆ. ಒಲೆಗೆ ಹಾಕಲಿಲ್ಲ.

ತೀರ್ಪಿನ ದಿನ ನಾನು ಪುತ್ತೂರಿಗೆ ಬಂದದ್ದನ್ನು ನೋಡಿದಿರಿ. ತಮ್ಮನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತೆ. ನೀವು ತಿರುಗಿ ನೋಡಿ ಅಲ್ಲೇ ನಿಂತಿರಿ, ಹತ್ತಿರ ಬರಲಿಲ್ಲ. ಒಳ್ಳೆಯದಾಯಿತು. ಬಂದಿದ್ದರೆ ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಸಂಕಪ್ಪನಿಗೆ ಮೂರು ತಿಂಗಳು, ನಿಮಗೆ ದಂಡ. ಮೂರು ತಿಂಗಳು! ಇಷ್ಟಕ್ಕೆ ಹೆದರಿ ಒಂದು ವರ್ಷಕ್ಕೂ ಹೆಚ್ಚು ಮನೆಯ ಒಳಗೆ ಹಾವು ಕಟ್ಟಿಕೊಂಡ ಹಾಗೆ ಬದುಕಿದೆವು. ಗೊತ್ತಿರಲಿಲ್ಲ ಎನ್ನುತ್ತೀರಿ. ನನಗೂ ಗೊತ್ತಿರಲಿಲ್ಲ. ಮೂರು ವರ್ಷವಾಗಿದ್ದರೂ ನಾನು ಆ ಅಪ್ಪಣೆಯನ್ನೇ ಕೇಳುತ್ತಿದ್ದೆ.

ಅವನನ್ನು ಕರೆದುಕೊಂಡು ಹೋಗುವಾಗ ಅಪ್ಪಿ ಬಿದ್ದುಬಿಟ್ಟಳು. ನೀವು ಎತ್ತಿ ಕೂರಿಸಿದಿರಿ. ನಿಮ್ಮ ಬಾಯಿಯಿಂದ ಒಂದು ಮಾತು ಬರಲಿಲ್ಲ. ಅವಳ ಜೊತೆಯಲ್ಲಿ ನೀವೂ ಅಳುತ್ತಿದ್ದಿರಿ, ಅಷ್ಟು ಜನರ ಎದುರಿನಲ್ಲಿ, ಮುಖ ಒರೆಸದೆ. ಮದುವೆಯಾದ ಮೇಲೆ ನಿಮ್ಮ ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಹೊರಗೆ ಬಂದ ಮೇಲೆ ಹೋಟೆಲಿಗೆ ಕರೆದಿರಿ. ನಾನು ಬರಲಿಲ್ಲ. ಸಿಟ್ಟಿನಿಂದ ಅಲ್ಲ.

ಅಪ್ಪಿಯನ್ನೂ ಮಕ್ಕಳನ್ನೂ ನೋಡಿಕೊಳ್ಳಿ. ಏಣೆಲು ಬೆಳೆಯ ಅಕ್ಕಿಯಲ್ಲಿ ಅವರಿಗೆ ಎತ್ತಿಟ್ಟ ಮೇಲೆ ನಮ್ಮದು. ನಾನು ಬರುವ ವಿಷಯ ಈಗ ಹೇಳಲಾರೆ. ಯೋಚಿಸಿ ಹೇಳುತ್ತೇನೆ ಎಂದೂ ಬರೆಯುವುದಿಲ್ಲ. ಒಂದು ದಿನ ಎದ್ದು ಬಸ್ಸು ಹತ್ತಿದರೆ ಬಂದೆ ಎಂದು ತಿಳಿಯಿರಿ. ಹತ್ತದಿದ್ದರೆ ಇಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಯಾರಿಗಾದರೂ ಹೇಳಬೇಕು, ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ಮ್ಯಾಜಿಸ್ಟ್ರೇಟರು ತೀರ್ಪು ಓದುವಾಗ ಇಂಗ್ಲಿಷಿನಲ್ಲಿ ಓದಿದರು. ನನ್ನ ತಮ್ಮ ಗುಮಾಸ್ತರೊಬ್ಬರನ್ನು ಕೇಳಿ ನನಗೆ ಹೇಳಿದ, ಸತ್ತ ಹುಡುಗ ತನ್ನ ಕೋವಿಯಿಂದ ತೋಟೆ ತೆಗೆದಿದ್ದ, ಅವನ ಕಡೆಯಿಂದ ಯಾವ ತಪ್ಪೂ ಆಗಿಲ್ಲ ಎಂದು ಬರೆದಿದ್ದಾರೆ ಎಂದು. ಬಸ್ಸಿನಲ್ಲಿ ಇಡೀ ದಾರಿ ಆ ಮಾತನ್ನು ಬಾಯೊಳಗೇ ಹೇಳಿಕೊಂಡು ಬಂದೆ. ಮರೆತುಹೋಗಬಾರದು, ಒಂದು ಶಬ್ದ ಆಚೆ ಈಚೆ ಆಗಬಾರದು ಎಂದು. ತಮ್ಮ ಬಸ್ಸಿಳಿದು ಅಂಗಡಿಯ ಹತ್ತಿರ ಯಾರನ್ನೋ ಮಾತಾಡಿಸುತ್ತಾ ನಿಂತ. ನಾನು ನಿಲ್ಲಲಿಲ್ಲ. ಗದ್ದೆಗಳ ನಡುವಿನ ಹುಣಿಯ ಮೇಲೆ ಓಡಿದ ಹಾಗೆ ಬಂದೆ. ಅಂಗಳ ದಾಟಿ, ಜಗಲಿಗೆ ಕಾಲಿಟ್ಟು, "ಅಪ್ಪಾ" ಎಂದು ಕರೆದೆ.

ಒಳಗಿನಿಂದ ಕುಮುದಿನಿ, "ಎಂತ ಅತ್ತಿಗೆ?" ಎಂದು ಕೇಳಿದಳು.

"ಎಂತ ಇಲ್ಲ" ಅಂದೆ.

ಪೂವಮ್ಮ